ಅಪ್ಪ ಅವ್ವ ಇಬ್ಬರೂ ಗಟ್ಟಿಮುಟ್ಟಾಗಿದ್ದರು: ಪುಣೆಯ ಬೀಗಲ್ ಒಂದರ ಲಾಫೋರಾ ಪ್ರಕರಣ

ಲಾಫೋರಾ ಎಂದರೆ ಅಪ್ಪ ಅವ್ವನಿಂದ ಮರಿಗೆ ಇಳಿಯುವ, ಫಿಟ್ಸ್ ತರುವ ಒಂದು ಮೆದುಳಿನ ಕಾಯಿಲೆ. ಈ ಬರಹಕ್ಕೆ ನಾಯಿಯ ಮನೆಯವರ ಒಪ್ಪಿಗೆ ಇದೆ. ಹೆಸರು, ಬಡಾವಣೆ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಕಾಯಿಲೆ, ಔಷಧಿ, ವರದಿ ಮಾತ್ರ ಇದ್ದದ್ದು ಇದ್ದ ಹಾಗೆ. ನಾಯಿಯನ್ನು ಗುಂಡ್ಯಾ ಎಂದು ಕರೆಯೋಣ.

ಹಿನ್ನೆಲೆ

ಗುಂಡ್ಯಾ ಗಂಡು ಬೀಗಲ್. ನನ್ನ ಕ್ಲಿನಿಕ್‌ಗೆ ಬಂದಾಗ ಏಳು ವರ್ಷ, ತೂಕ 14 ಕೆಜಿ. ಮನೆಯವರು ವಿಜಯಪುರದ ಕಡೆಯವರು, ಪುಣೆಯಲ್ಲಿ ನೆಲೆಸಿ ಬಹಳ ಕಾಲ ಆಗಿದೆ. ಮನೆಯ ಯಜಮಾನರು, ಕಾಕಾ, ಬ್ಯಾಂಕಿನಿಂದ ರಿಟೈರ್ ಆದವರು. ನಾಯಿಯ ಊಟ, ತಿರುಗಾಟ, ಸ್ನಾನ ಎಲ್ಲ ಅವರ ಹೆಂಡತಿ ಕಾಕು ಅವರ ಕೈಯಲ್ಲಿ. ಮಗಳು ಹಿಂಜವಡಿಯಲ್ಲಿ ಐಟಿ ಕೆಲಸದಲ್ಲಿದ್ದಾಳೆ. ನಾನೂ ಧಾರವಾಡದ ಕಡೆಯವನು ಅಂತ ಗೊತ್ತಾದ ಮೇಲೆ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು. ಆಮೇಲೆ ಸಣ್ಣಪುಟ್ಟ ಸಂಗತಿಗಳೂ ಹೊರಗೆ ಬರತೊಡಗಿದವು.

ಮರಿಯನ್ನು ಪುಣೆಯ ಹತ್ತಿರದ ಒಬ್ಬ ಬ್ರೀಡರ್ ಹತ್ತಿರ ತಂದಿದ್ದರು. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ಇತ್ತು. ಕಾಕಾ ಅದನ್ನು ಪಾಸ್‌ಬುಕ್ಕಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. "ಸುಮ್ನ ತಂದಿಲ್ರೀ. ಅಪ್ಪನ್ನೂ ನೋಡೀವಿ, ಅವ್ವನ್ನೂ ನೋಡೀವಿ. ಎರಡೂ ಗಟ್ಟಿಮುಟ್ಟ ಇದ್ವು," ಎಂದರು. ಈ ಮಾತು ನೆನಪಿಟ್ಟುಕೊಳ್ಳಿ. ಪ್ರಕರಣದ ಗಂಟು ಇರುವುದು ಅಲ್ಲೇ.

ತೊಂದರೆ

ಮೊದಲು ಕಂಡದ್ದು ಗಣೇಶೋತ್ಸವದಲ್ಲಿ. ಪುಣೆಯಲ್ಲಿ ಆ ಹತ್ತು ದಿನ ಢೋಲ್-ತಾಷಾ ಸದ್ದಿಗೆ ಯಾವ ನಾಯಿಯೂ ನೆಮ್ಮದಿಯಾಗಿರುವುದಿಲ್ಲ. ಗುಂಡ್ಯಾ ಬೆಚ್ಚಿ ಬೀಳುತ್ತಿದ್ದ. ಅಂಜಿಕೆ ಅಂತ ಎಲ್ಲರೂ ಅಂದುಕೊಂಡರು. ಹಬ್ಬ ಮುಗಿಯಿತು, ಬೆಚ್ಚುವುದು ನಿಲ್ಲಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ, ಕಾಕು ಹಾಸಿಗೆಯ ಚಾದರ ಝಾಡಿಸಿದರೆ, ಟಿವಿಯಲ್ಲಿ ಚಿತ್ರ ಪಟಪಟ ಬದಲಾದರೆ, ಅವನ ತಲೆ ಯಾರೋ ಹಿಂದಿನಿಂದ ಎಳೆದ ಹಾಗೆ ಜಗ್ಗುತ್ತಿತ್ತು. ಕೆಲವು ಸಲ ಮುಂಗಾಲು ಕುಸಿದು ಗದ್ದ ನೆಲಕ್ಕೆ ತಾಗುತ್ತಿತ್ತು.

ಬೇರೊಂದು ಕ್ಲಿನಿಕ್‌ನಲ್ಲಿ ಕುತ್ತಿಗೆ ನೋವು ಎಂದು ಚಿಕಿತ್ಸೆ ಕೊಟ್ಟಿದ್ದರು. ಅದರಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಬೀಗಲ್‌ಗಳಿಗೆ ಕುತ್ತಿಗೆಯ ಡಿಸ್ಕ್ ತೊಂದರೆ ಸಾಮಾನ್ಯ, ಅದೂ ಈ ವಯಸ್ಸಿನಲ್ಲಿ. ನೋವಿನ ಮಾತ್ರೆ, ವಿಶ್ರಾಂತಿ, ಯಾವುದರಿಂದಲೂ ಬದಲಾವಣೆ ಕಾಣಲಿಲ್ಲ. ಒಂದು ರಾತ್ರಿ ಪೂರ್ತಿ ಫಿಟ್ಸ್ ಬಂತು: ನಾಲ್ಕೂ ಕಾಲು ಸೆಟೆದು, ಬಾಯಲ್ಲಿ ನೊರೆ, ಮೂತ್ರ ಹೋಯಿತು. ಫೀನೋಬಾರ್ಬಿಟೋನ್ ಶುರು ಮಾಡಿದರು. ಫಿಟ್ಸ್ ಹತೋಟಿಗೆ ಬಂತು. ಆದರೆ ಆ ಜಗ್ಗುವಿಕೆ ಹಾಗೆಯೇ ಉಳಿಯಿತು. ನನ್ನ ಹತ್ತಿರ ಬಂದದ್ದು ಆಗ.

ಟೇಬಲ್ ಮೇಲೆ

ಮಾಮೂಲು ನರಪರೀಕ್ಷೆಯಲ್ಲಿ ಹೆಚ್ಚೇನೂ ಸಿಗಲಿಲ್ಲ. ನಡಿಗೆ ಸರಿ ಇತ್ತು, ಕುತ್ತಿಗೆ ಒತ್ತಿದರೆ ನೋವಿಲ್ಲ. ಆಗ ಟ್ಯೂಬ್‌ಲೈಟ್ ಆರಿಸಿ, ಮಗಳಿಗೆ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಲು ಹೇಳಿದೆ. ಗುಂಡ್ಯಾನ ಮುಖದ ಮುಂದೆ ಅಂಗೈ ಸರಕ್ಕನೆ ತಂದೆ. ತಲೆ ಹಿಂದಕ್ಕೆ ಜಗ್ಗಿತು, ಕಣ್ಣು ಪಟಪಟ ಮುಚ್ಚಿದವು. ಟಾರ್ಚ್ ಹಾಕಿ ಆರಿಸಿದೆ, ಮತ್ತೆ ಅದೇ. ಸ್ಟೀಲ್ ಟ್ರೇಗೆ ಪೆನ್ನಿನಿಂದ ಟಕ್ ಎಂದು ಬಡಿದೆ, ಮತ್ತೆ ಅದೇ. ಹತ್ತನೇ ಸಲವೂ ಮೊದಲ ಸಲದಷ್ಟೇ ಜೋರು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಅಂಜುವ ನಾಯಿ ಬಾಲ ಮಡಚುತ್ತದೆ, ಮೂಲೆ ಹುಡುಕುತ್ತದೆ, ಅದೇ ಸದ್ದು ಮತ್ತೆ ಮತ್ತೆ ಕೇಳಿದರೆ ನಿಧಾನಕ್ಕೆ ರೂಢಿಯಾಗುತ್ತದೆ. ಗುಂಡ್ಯಾ ಜಗ್ಗಿದ ಮರುಕ್ಷಣವೇ ಬಾಲ ಅಲ್ಲಾಡಿಸುತ್ತಾ ಬಿಸ್ಕತ್ತಿಗಾಗಿ ನನ್ನ ಜೇಬು ಮೂಸುತ್ತಿದ್ದ. "ಖುಷೀಲೆ ಇರತದ, ಹಂಗ ಜಗ್ಗತದ ನೋಡ್ರಿ," ಎಂದು ಕಾಕು ಹೇಳಿದ್ದು ಇದನ್ನೇ. ಇದು ಹೆದರಿಕೆಯಲ್ಲ, ಮಯೋಕ್ಲೋನಸ್. ಅಂದರೆ ಮೆದುಳಿನಿಂದ ಹೊರಟ ಒಂದು ಕ್ಷಣದ ಸ್ನಾಯು ಜರ್ಕ್. ಬೆಳಕು, ಸದ್ದು, ಹಠಾತ್ ಚಲನೆಗೆ ಹೀಗೆ ಮಯೋಕ್ಲೋನಸ್ ಬರುವ ಮಧ್ಯವಯಸ್ಸಿನ ಬೀಗಲ್ ಎಂದರೆ ಪಟ್ಟಿಯಲ್ಲಿ ಮೊದಲು ಬರುವ ಹೆಸರು ಲಾಫೋರಾ. ವೈರ್‌ಹೇರ್ ಮಿನಿಯೇಚರ್ ಡ್ಯಾಶ್‌ಹಂಡ್ ಮತ್ತು ಬ್ಯಾಸೆಟ್ ಹೌಂಡ್‌ಗಳಲ್ಲೂ ಇದೇ ಕಾಯಿಲೆ ಇದೆ.

ಒಂದು ಉಪಕಥೆಯೂ ಹೊರಬಿತ್ತು. ಹಿಂದಿನ ತಿಂಗಳು ಮುಂಬೈಗೆ ಕಾರಿನಲ್ಲಿ ಹೋಗುವಾಗ ಎಕ್ಸ್‌ಪ್ರೆಸ್‌ವೇ ಸುರಂಗದೊಳಗೆ ಗುಂಡ್ಯಾ ಉದ್ದಕ್ಕೂ ಜಗ್ಗುತ್ತಲೇ ಇದ್ದನಂತೆ. ಸಾಲು ದೀಪಗಳು ಒಂದಾದ ಮೇಲೊಂದು ಕಿಟಕಿ ದಾಟುತ್ತವಲ್ಲ, ಅದೇ ಕಾರಣ. ಇದನ್ನು ಯಾರೂ ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಕಾರಿನಲ್ಲಿ ತಲೆ ಸುತ್ತಿರಬೇಕು ಅಂದುಕೊಂಡಿದ್ದರು.

ಕಾಯಿಲೆ ಏನು

ಸ್ಪೇನಿನ ವೈದ್ಯ ಗೊನ್ಸಾಲೊ ಲಾಫೋರಾ 1911ರಲ್ಲಿ ಒಬ್ಬ ರೋಗಿಯ ಮೆದುಳಿನಲ್ಲಿ ದುಂಡನೆಯ ವಿಚಿತ್ರ ಕಣಗಳನ್ನು ವಿವರಿಸಿದರು. ಅವು ಕೆಟ್ಟ ಗ್ಲೈಕೋಜನ್‌ನ ಉಂಡೆಗಳು. ಸಕ್ಕರೆಯನ್ನು ದೇಹ ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಅದಕ್ಕೆ ಸರಿಯಾಗಿ ಕವಲುಗಳಿದ್ದರೆ ಕರಗಿರುತ್ತದೆ. ಕವಲು ಕಡಿಮೆಯಾಗಿ ಸರಪಳಿ ಉದ್ದವಾದರೆ ತಣ್ಣಗಾದ ಗಂಜಿಯ ಹಾಗೆ ಗಟ್ಟಿಯಾಗಿ ತಳಕಟ್ಟುತ್ತದೆ. ಮೆದುಳು, ಸ್ನಾಯು, ಯಕೃತ್ತು, ಚರ್ಮ ಎಲ್ಲ ಕಡೆ ಈ ಉಂಡೆಗಳು ಸೇರುತ್ತವೆ. ತೊಂದರೆ ಕೊಡುವುದು ಮಾತ್ರ ಮುಖ್ಯವಾಗಿ ಮೆದುಳಿನಲ್ಲಿ.

ನಾಯಿಗಳಲ್ಲಿ ಇದರ ಮೂಲ 2005ರಲ್ಲಿ ಗೊತ್ತಾಯಿತು. ಟೊರಾಂಟೊದಲ್ಲಿ ಕೆಲಸ ಮಾಡುತ್ತಿದ್ದ ಹ್ಯಾನೆಸ್ ಲೋಹಿ, ಬರ್ಜ್ ಮಿನಾಸ್ಸಿಯನ್ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಇಪಿಎಂ2ಬಿ ಎಂಬ ಜೀನ್‌ನಲ್ಲಿ (ಎನ್‌ಎಚ್‌ಎಲ್‌ಆರ್‌ಸಿ1 ಎಂದೂ ಕರೆಯುತ್ತಾರೆ) 12 ಡಿಎನ್‌ಎ ಅಕ್ಷರಗಳ ಒಂದು ತುಣುಕು ಇದೆ. ಆರೋಗ್ಯವಂತ ನಾಯಿಯಲ್ಲಿ ಅದು ಎರಡು ಅಥವಾ ಮೂರು ಸಲ ಬರುತ್ತದೆ. ಕಾಯಿಲೆ ಇರುವ ನಾಯಿಗಳಲ್ಲಿ 19ರಿಂದ 26 ಸಲ. ಆಗ ಆ ಜೀನ್ ಹೆಚ್ಚುಕಡಿಮೆ ಬಾಯಿ ಮುಚ್ಚಿಕೊಳ್ಳುತ್ತದೆ, ಮ್ಯಾಲಿನ್ ಎಂಬ ಪ್ರೋಟೀನ್ ತಯಾರಾಗುವುದಿಲ್ಲ, ಗ್ಲೈಕೋಜನ್‌ನ ಹದ ತಪ್ಪುತ್ತದೆ. ಮನುಷ್ಯರನ್ನು ಬಿಟ್ಟು ಬೇರೆ ಪ್ರಾಣಿಯಲ್ಲಿ ಹೀಗೆ ಜೀನ್‌ನ ತುಣುಕು ಪುನರಾವರ್ತನೆಯಾಗಿ ಕಾಯಿಲೆ ಬಂದದ್ದು ಮೊದಲು ಕಂಡದ್ದೇ ಇಲ್ಲಿ.

ಕಾಯಿಲೆ ಬರಬೇಕಾದರೆ ಈ ಜೀನ್‌ನ ಎರಡೂ ಪ್ರತಿ ಕೆಟ್ಟಿರಬೇಕು, ಅಪ್ಪನಿಂದ ಒಂದು, ಅವ್ವನಿಂದ ಒಂದು. ಒಂದೇ ಕೆಟ್ಟಿದ್ದರೆ ನಾಯಿ ಕ್ಯಾರಿಯರ್. ಅದಕ್ಕೆ ಜೀವಮಾನದಲ್ಲಿ ಏನೂ ಆಗುವುದಿಲ್ಲ. ಎರಡೂ ಸರಿ ಇದ್ದರೆ ಕ್ಲಿಯರ್.

ಯಾವ ಪರೀಕ್ಷೆ?

ಇಲ್ಲಿ ಮೂರು ದಾರಿ ಇದ್ದವು, ಮೂರಕ್ಕೂ ಒಂದೊಂದು ತೊಡಕು.

ಎಂಆರ್‌ಐ ಮಾಡಿಸೋಣ ಎಂದು ಮಗಳು ಮೊದಲೇ ಹಣ ಎತ್ತಿಟ್ಟಿದ್ದಳು. ಬೇಡ ಎಂದೆ. ಲಾಫೋರಾದಲ್ಲಿ ಎಂಆರ್‌ಐ ಬಹಳ ಸಲ ಮಾಮೂಲಾಗಿಯೇ ಇರುತ್ತದೆ. ಗಡ್ಡೆ, ಸೋಂಕು ಇಲ್ಲ ಎಂದು ತೋರಿಸಲು ಮಾತ್ರ ಉಪಯೋಗ. ಗುಂಡ್ಯಾನ ಲಕ್ಷಣ ಇಷ್ಟು ನಿಚ್ಚಳವಾಗಿರುವಾಗ ಅದಕ್ಕಾಗಿ ಅನಸ್ತೇಶಿಯಾ ಕೊಡುವುದು ನನಗೆ ಸರಿ ಕಾಣಲಿಲ್ಲ. ಎಲ್ಲ ಪ್ರಕರಣದಲ್ಲೂ ಹೀಗೆ ಹೇಳಲಾರೆ. ಫಿಟ್ಸ್ ಮಾತ್ರ ಇದ್ದು ಜರ್ಕ್ ಇಲ್ಲದಿದ್ದರೆ, ಒಂದು ಪಕ್ಕ ಸೋತಿದ್ದರೆ, ಎಂಆರ್‌ಐಗೇ ಕಳುಹಿಸುತ್ತಿದ್ದೆ.

ಸ್ನಾಯುವಿನ ಸಣ್ಣ ತುಣುಕು ತೆಗೆದು ಪಿಎಎಸ್ ಬಣ್ಣ ಹಾಕಿ ನೋಡುವುದು ಎರಡನೆಯ ದಾರಿ. ಉಂಡೆಗಳು ಕಡುಗುಲಾಬಿಯಾಗಿ ಕಾಣುತ್ತವೆ. ಮಾಮೂಲು ಗ್ಲೈಕೋಜನ್ ಡಯಾಸ್ಟೇಸ್ ಎಂಬ ಕಿಣ್ವ ಹಾಕಿದರೆ ಕರಗಿ ಹೋಗುತ್ತದೆ, ಇವು ಹೋಗುವುದಿಲ್ಲ. ಊರಿನ ಮನುಷ್ಯರ ಪೆಥಾಲಜಿ ಲ್ಯಾಬ್‌ನಲ್ಲೇ ಆಗುವ ಕೆಲಸ. ಒಳ್ಳೆಯ ಪರೀಕ್ಷೆಯೇ, ಆದರೆ ಉತ್ತರ ಗುಂಡ್ಯಾನ ಬಗ್ಗೆ ಮಾತ್ರ. ಅವನ ಅಕ್ಕತಂಗಿಯರ ಬಗ್ಗೆ ಏನೂ ಹೇಳುವುದಿಲ್ಲ.

ಉಳಿದದ್ದು ಡಿಎನ್‌ಎ ಪರೀಕ್ಷೆ. ಅದನ್ನು ಹೇಳಿದ ಕೂಡಲೇ ಮಗಳು ಫೋನ್ ತೆಗೆದು ತೋರಿಸಿದಳು. ಎರಡು ವರ್ಷದ ಹಿಂದೆ ಆನ್‌ಲೈನ್ ಕಿಟ್ ತರಿಸಿ, ಕೆನ್ನೆಯ ಒಳಗಿನಿಂದ ಸ್ವಾಬ್ ತೆಗೆದು ಕಳಿಸಿದ್ದಳು. ಉದ್ದನೆಯ ಪಟ್ಟಿ, ಎಲ್ಲದರ ಮುಂದೆ ಹಸಿರು ಗುರುತು. "ಇದರಲ್ಲಿ ಎಲ್ಲಾ ಕ್ಲಿಯರ್ ಬಂದದಲ್ರೀ, ಮತ್ತ ಹೆಂಗ ಬಂತು?" ಎಂದು ಕೇಳಿದಳು.

ನಾವು ಇಬ್ಬರೂ ಕೂತು ಪಟ್ಟಿಯನ್ನು ಸಾಲು ಸಾಲಾಗಿ ಓದಿದೆವು. ಲಾಫೋರಾ ಅದರಲ್ಲಿ ಇರಲೇ ಇಲ್ಲ! ಇದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ಇಂಥ ಅಗ್ಗದ ಪ್ಯಾನೆಲ್‌ಗಳು ಬಹುತೇಕ ಒಂಟಿ ಅಕ್ಷರದ ಬದಲಾವಣೆ ಹುಡುಕಲು ಮಾಡಿದವು. ಲಾಫೋರಾದ ತುಣುಕು ಉದ್ದ, ಜೊತೆಗೆ ಜಿ ಮತ್ತು ಸಿ ಅಕ್ಷರಗಳೇ ತುಂಬಿರುತ್ತವೆ. ಡಿಎನ್‌ಎ ತುಣುಕಿನ ನಕಲು ತೆಗೆಯುವ ಮಾಮೂಲು ವಿಧಾನ, ಪಿಸಿಆರ್, ಅದರ ಮೇಲೆ ಎಡವುತ್ತದೆ. ಉದ್ದದ ಪ್ರತಿಯನ್ನು ಓದಲಾಗದೆ ಗಿಡ್ಡ ಪ್ರತಿಯನ್ನಷ್ಟೇ ಓದಿದರೆ ಕ್ಯಾರಿಯರ್ ನಾಯಿ ಕ್ಲಿಯರ್ ಎಂದು ತೋರಬಹುದು. ಹಾಗಾಗಿ ಈ ಕಾಯಿಲೆಯನ್ನೇ ಪ್ರತ್ಯೇಕವಾಗಿ ಮಾಡುವ ಲ್ಯಾಬ್ ಬೇಕು, ತುಣುಕನ್ನು ನೇರವಾಗಿ ಅಳೆಯುತ್ತೀರಾ ಎಂದು ಮೊದಲೇ ಕೇಳಿಕೊಳ್ಳಬೇಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು ಹೊರದೇಶದ ಲ್ಯಾಬ್ ಒಂದಕ್ಕೆ ಕಳಿಸಿದೆವು.

ವರದಿ ಬಂತು: ಎರಡೂ ಪ್ರತಿ ಉದ್ದ. ಲಾಫೋರಾ ಖಚಿತ.

ವರದಿ ಬಂದ ಮೇಲೆ

ಅಂದು ರಾತ್ರಿ ಮಗಳು ಇಂಟರ್ನೆಟ್‌ನಲ್ಲಿ ಹುಡುಕಿ ಓದಿದ್ದು ಮನುಷ್ಯರ ಲಾಫೋರಾ ಬಗ್ಗೆ. ಮನುಷ್ಯರಲ್ಲಿ ಇದು ಹದಿಹರೆಯದಲ್ಲಿ ಶುರುವಾಗುತ್ತದೆ, ಸುಮಾರು ಹತ್ತು ವರ್ಷದಲ್ಲಿ ಜೀವ ತೆಗೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಂಥ ರೋಗಿಗಳನ್ನು ನೋಡಿದ್ದಾರೆ. ಮರುದಿನ ಮೂವರೂ ಬಂದರು, ಕಾಕು ಅತ್ತು ಕಣ್ಣು ಬಾತಿತ್ತು. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದರ ಬಗ್ಗೆ ಕಾಕಾ ನೇರವಾಗಿ ಕೇಳಿದರು: "ಮಲಗಿಸಿಬಿಡೂದ ಚೊಲೋ ಏನ್ರೀ?"

ನಾಯಿಗಳ ದಾರಿ ಬೇರೆ ಎಂದು ಬಿಡಿಸಿ ಹೇಳಿದೆ. ಅವುಗಳಲ್ಲಿ ಶುರುವಾಗುವುದೇ ತಡ, ಆರೇಳು ವರ್ಷದ ಸುಮಾರಿಗೆ. ಬೆಳೆಯುವುದೂ ನಿಧಾನ. ವಾಸಿಯಾಗುವುದಿಲ್ಲ, ನಿಜ. ಆದರೆ ಎಷ್ಟೋ ನಾಯಿಗಳು ಔಷಧಿಯ ಜೊತೆ ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತವೆ. ಆ ದಿನ ಆತುರದಲ್ಲಿ ತೀರ್ಮಾನ ಮಾಡದಿದ್ದದ್ದು ಒಳ್ಳೆಯದಾಯಿತು.

ಲೆವೆಟಿರಾಸೆಟಮ್ ಎಂಬ ಇನ್ನೊಂದು ಫಿಟ್ಸ್ ಔಷಧಿ ಸೇರಿಸಿದೆವು. ಮಾಮೂಲು ಡೋಸ್ ಕೆಜಿಗೆ 20 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ. ಅಂದರೆ ಗುಂಡ್ಯಾಗೆ 250 ಮಿಲಿಗ್ರಾಂ ಮಾತ್ರೆ ದಿನಕ್ಕೆ ಮೂರು ಸಲ. ಮನುಷ್ಯರ ಮೆಡಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಮೊದಲ ವಾರ ಸ್ವಲ್ಪ ತೂರಾಡಿದ, ಜಾಸ್ತಿ ಮಲಗಿದ. ಜರ್ಕ್ ಕಡಿಮೆಯಾಯಿತು, ಆದರೆ ನಾವು ನಿರೀಕ್ಷಿಸಿದಷ್ಟಲ್ಲ. ಫೀನೋಬಾರ್ಬಿಟೋನ್ ಜೊತೆಗಿದ್ದರೆ ದೇಹ ಲೆವೆಟಿರಾಸೆಟಮ್ ಅನ್ನು ಬೇಗ ಹೊರಹಾಕುತ್ತದೆ. ಹಾಗಾಗಿ ಡೋಸ್ ಏರಿಸಿದೆವು, ಆಗ ಫಲ ಕಂಡಿತು. ಕುಕ್ಕರ್ ಸೀಟಿಗೆ ಬರೀ ಕಿವಿ ಅದುರುವ ಮಟ್ಟಕ್ಕೆ ಬಂತು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು: ಕಾಕಾ ಬ್ಯಾಂಕಿನ ಶಿಸ್ತಿನಲ್ಲಿ ಒಂದು ರಿಜಿಸ್ಟರ್ ಇಟ್ಟು ಸಹಿ ಹಾಕುತ್ತಿದ್ದರು. ಮೂರು ಹೊತ್ತಿನ ಔಷಧಿಗೆ ಎಲ್ಲ ಮನೆಯಲ್ಲೂ ಇಂಥ ಒಬ್ಬರು ಸಿಗುವುದಿಲ್ಲ. ಮಾತ್ರೆ ಬರೆಯುವ ಮೊದಲು ಅದನ್ನೂ ಕೇಳಬೇಕು.

ಊಟದ ವಿಷಯ ಸ್ವಾರಸ್ಯದ್ದು. ಗುಂಡ್ಯಾನ ಊಟ ಜೋಳದ ರೊಟ್ಟಿ ಹಾಲು, ಸಂಜೆಗೆ ಪಾರ್ಲೆ-ಜಿ. ಪೂರ್ತಿ ಪಿಷ್ಟ. ಇಲಿಗಳಲ್ಲಿ ಗ್ಲೈಕೋಜನ್ ತಯಾರಿಕೆಯನ್ನೇ ತಗ್ಗಿಸಿದಾಗ ಉಂಡೆಗಳು ಕಡಿಮೆಯಾಗಿ ಫಿಟ್ಸ್ ಹತೋಟಿಗೆ ಬಂದದ್ದು ಗೊತ್ತಿದೆ. ಆ ತರ್ಕದ ಮೇಲೆ ಲಾಫೋರಾ ನಾಯಿಗಳಿಗೆ ಪಿಷ್ಟ, ಸಕ್ಕರೆ ಕಡಿಮೆ ಇರುವ ಊಟ ಹೇಳುತ್ತಾರೆ. ಊಟ ಒಂದೇ ಕಾಯಿಲೆಯನ್ನು ತಡೆಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮಾಡುವುದರಲ್ಲಿ ನಷ್ಟವಿಲ್ಲ. ತೊಡಕು ಏನೆಂದರೆ ಕಾಕು ಅವರದು ಶುದ್ಧ ಸಸ್ಯಾಹಾರಿ ಅಡುಗೆಮನೆ. ತತ್ತಿ ಒಳಗೆ ಬರುವ ಹಾಗಿಲ್ಲ. ಕೊನೆಗೆ ಮಗಳು ಬಾಲ್ಕನಿಯಲ್ಲಿ ಇಂಡಕ್ಷನ್ ಒಲೆ ಇಟ್ಟು ಅಲ್ಲೇ ತತ್ತಿ ಬೇಯಿಸತೊಡಗಿದಳು. ಅದಕ್ಕೆ ಪನೀರು, ಬೀನ್ಸ್, ಪಿಷ್ಟ ಕಡಿಮೆ ಇರುವ ಡಬ್ಬಿ ಆಹಾರ ಸೇರಿತು. ಪಾರ್ಲೆ-ಜಿ ಮಾತ್ರ ಕದ್ದುಮುಚ್ಚಿ ನಡೆದೇ ಇತ್ತು ಅಂತ ನನಗೆ ಅನುಮಾನ.

ಮನೆಯಲ್ಲಿ ಸಣ್ಣ ಬದಲಾವಣೆಗಳೂ ಆದವು. ಮಿಣುಕುತ್ತಿದ್ದ ಟ್ಯೂಬ್‌ಲೈಟ್ ಬದಲಿಸಿದರು. ಕತ್ತಲೆ ಕೋಣೆಯಲ್ಲಿ ಟಿವಿ ಹಚ್ಚುವುದು ನಿಂತಿತು. ಸ್ಟೀಲ್ ತಟ್ಟೆಯ ಬದಲು ರಬ್ಬರಿನ ಬಟ್ಟಲು ಬಂತು. ಕಾರಿನ ಹಿಂದಿನ ಕಿಟಕಿಗೆ ಪರದೆ. ದೀಪಾವಳಿಗೆ ಒಳಗಿನ ಕೋಣೆ. ಐದು ನಿಮಿಷ ದಾಟುವ ಫಿಟ್ಸ್ ಬಂದರೆ ಬಳಸಲು ಮೂಗಿಗೆ ಹಾಕುವ ಮಿಡಾಜೋಲಮ್ ಸ್ಪ್ರೇ ಕೊಟ್ಟು, ಹಾಕುವುದನ್ನು ಮೂವರಿಗೂ ಕಲಿಸಿದೆ.

ಒಂದೇ ಸೂಲಿನ ಉಳಿದ ಮರಿಗಳು

ನನ್ನ ಲೆಕ್ಕದಲ್ಲಿ ಪ್ರಕರಣದ ಮುಖ್ಯ ಭಾಗ ಇದು. ಗುಂಡ್ಯಾಗೆ ಕಾಯಿಲೆ ಬಂದಿದೆ ಎಂದರೆ ಅವನ ಅಪ್ಪ ಅವ್ವ ಇಬ್ಬರೂ ಕನಿಷ್ಠ ಕ್ಯಾರಿಯರ್. ಇಬ್ಬರು ಕ್ಯಾರಿಯರ್‌ಗಳು ಕೂಡಿದರೆ ಪ್ರತಿ ಮರಿಗೂ ಕಾಯಿಲೆಯ ಸಾಧ್ಯತೆ ಶೇ. 25, ಕ್ಯಾರಿಯರ್ ಆಗುವುದು ಶೇ. 50, ಕ್ಲಿಯರ್ ಶೇ. 25.

ಕಾಕಾ ಕವರಿನಿಂದ ತೆಗೆದ ಕಾಗದ ನೋಡಿದರೆ ಕಥೆ ಅಲ್ಲೇ ಇತ್ತು. ಅಪ್ಪನ ಅಪ್ಪ, ಅವ್ವನ ಅಪ್ಪ, ಎರಡೂ ಒಂದೇ ನಾಯಿ, ಶೋದಲ್ಲಿ ಹೆಸರು ಮಾಡಿದ್ದು. ಅಂದರೆ ಗುಂಡ್ಯಾನ ಅಪ್ಪ ಅವ್ವ ಮಲ ಅಣ್ಣತಂಗಿ. ಅಜ್ಜನಲ್ಲಿ ಒಂದೇ ಕೆಟ್ಟ ಪ್ರತಿ ಇದ್ದರೂ ಎರಡು ಕಡೆಯಿಂದ ಇಳಿದು ಮೊಮ್ಮಗನಲ್ಲಿ ಸೇರಲು ದಾರಿಯಾಗುತ್ತದೆ. ಇದನ್ನು ಬ್ರೀಡರ್‌ಗಳು ಲೈನ್ ಬ್ರೀಡಿಂಗ್ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕಾಗದದಲ್ಲಿ ಚಾಂಪಿಯನ್ ಹೆಸರು ಎರಡು ಸಲ ಕಂಡರೆ ಕೊಳ್ಳುವವರು ಖುಷಿಪಡುತ್ತಾರೆ. ನನಗೆ ಅದು ಕಂಡರೆ ಪೆನ್ನು ತೆಗೆದು ಸುತ್ತು ಹಾಕುವ ಅಭ್ಯಾಸ.

ಬ್ರೀಡರ್‌ಗೆ ಮಗಳು ವರದಿ ಕಳಿಸಿದಳು. ಏಳು ವರ್ಷದ ಮೇಲೆ ಬಂದದ್ದು ವಯಸ್ಸಿನ ಕಾಯಿಲೆ, ತನ್ನ ನಾಯಿಗಳಿಗೆ ಯಾವ ತೊಂದರೆಯೂ ಇಲ್ಲ ಎಂದು ಉತ್ತರ ಬಂತು. ಗುಂಡ್ಯಾನ ಅಪ್ಪ ಐದನೇ ವಯಸ್ಸಿಗೇ ಟಿಕ್ ಜ್ವರದಲ್ಲಿ ಸತ್ತಿತ್ತು. ಅದರ ಮೆದುಳು ಹೇಗಿತ್ತು ಎಂದು ಯಾರೂ ಕೇಳುವ ಪ್ರಶ್ನೆಯೇ ಬರಲಿಲ್ಲ. ಕ್ಯಾರಿಯರ್ ಆಗಿದ್ದರೆ ಹತ್ತು ವರ್ಷ ಬದುಕಿದ್ದರೂ ಏನೂ ಕಾಣುತ್ತಿರಲಿಲ್ಲ. ಕಾಯಿಲೆಯ ನಾಯಿಯೇ ಆಗಿದ್ದರೂ, ಲಕ್ಷಣ ಕಾಣುವ ಹೊತ್ತಿಗೆ ಹಲವು ಸೂಲು ಮುಗಿದಿರುತ್ತವೆ. ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮಗಳು ಬ್ರೀಡರ್ ನೋಂದಣಿ, ತಾಯಿನಾಯಿಗೆ ಕನಿಷ್ಠ 18 ತಿಂಗಳ ವಯಸ್ಸು ಇಂಥದ್ದನ್ನು ಹೇಳುತ್ತವೆ, ಒಳ್ಳೆಯದೇ. ಆದರೆ ವಯಸ್ಸಿನ ಮಿತಿಯಿಂದ ಈ ಕಾಯಿಲೆ ತಡೆಯಲಾಗುವುದಿಲ್ಲ. ಕಣ್ಣಿಗೆ ಕಾಣುವ ಆರೋಗ್ಯ ನೋಡಿ ಮರಿ ಕೊಳ್ಳುವುದರಿಂದಲೂ ಆಗುವುದಿಲ್ಲ. ಕ್ರಾಸ್ ಮಾಡಿಸುವ ಮೊದಲು ರಕ್ತಪರೀಕ್ಷೆ ಮಾಡಿಸುವುದೊಂದೇ ದಾರಿ.

ಬ್ರಿಟನ್ನಿನ ವೈರ್‌ಹೇರ್ ಡ್ಯಾಶ್‌ಹಂಡ್ ಸಾಕುವವರು ಮಾಡಿದ್ದು ಅದನ್ನೇ. ಕ್ಲಬ್ಬೇ ಮುಂದೆ ನಿಂತು ಪರೀಕ್ಷೆ ಮಾಡಿಸಿತು, ಅಪಾಯದ ಜೋಡಿಗಳು ಬಹಳ ಕಡಿಮೆಯಾದವು. ಅವರು ಕ್ಯಾರಿಯರ್‌ಗಳನ್ನೆಲ್ಲ ಒಂದೇ ಏಟಿಗೆ ಹೊರಹಾಕಲಿಲ್ಲ. ಹಾಗೆ ಮಾಡಿದರೆ ಮೊದಲೇ ಚಿಕ್ಕದಾದ ತಳಿ ಇನ್ನೂ ಚಿಕ್ಕದಾಗಿ, ಬೇರೊಂದು ಕಾಯಿಲೆ ತಲೆ ಎತ್ತುತ್ತದೆ. ಕ್ಯಾರಿಯರ್ ನಾಯಿಗೆ ಕ್ಲಿಯರ್ ನಾಯಿ ಜೋಡಿಸಿದರೆ ಯಾವ ಮರಿಗೂ ಕಾಯಿಲೆ ಬರುವುದಿಲ್ಲ.

ಈ ಲೆಕ್ಕ ಎಲ್ಲ ಮೆದುಳಿನ ಕಾಯಿಲೆಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಪಗ್ ನಾಯಿಗಳ ಮೆದುಳು ಉರಿಯೂತದಲ್ಲಿ ರೋಗನಿರೋಧಕ ಜೀನ್‌ಗಳು ಅಪಾಯ ಹೆಚ್ಚಿಸುತ್ತವೆ ಅಷ್ಟೇ, ಖಚಿತವಾಗಿ ಹೇಳಲಾಗುವುದಿಲ್ಲ. ಲ್ಯಾಬ್ರಡಾರ್‌ಗಳಲ್ಲಿ ಕಾಣುವ ಮಾಮೂಲು ಅಪಸ್ಮಾರಕ್ಕೆ ಒಂದೇ ಜೀನ್ ಅಂತ ಬೊಟ್ಟು ಮಾಡಲು ಬರುವುದಿಲ್ಲ. ಗೋಲ್ಡನ್ ರಿಟ್ರೀವರ್, ಬಾರ್ಡರ್ ಕೋಲಿಗಳಲ್ಲಿ ಮೆದುಳು ಕ್ಷಯಿಸುವ ಸಿಎಲ್‌ಎನ್5 ಕಾಯಿಲೆ ಮಾತ್ರ ಲಾಫೋರಾದ ಹಾಗೆ ಎರಡು ಪ್ರತಿಯ ಲೆಕ್ಕ, ಅದಕ್ಕೂ ಪರೀಕ್ಷೆ ಇದೆ.

ಗುಂಡ್ಯಾನ ಜೊತೆಯ ಮರಿಗಳ ಮನೆಯವರದು ಒಂದು ವಾಟ್ಸಾಪ್ ಗುಂಪು ಇತ್ತು. ಅಲ್ಲಿ ಹಾಕಬೇಕೋ ಬೇಡವೋ ಎಂದು ಮನೆಯಲ್ಲಿ ವಾದವಾಯಿತು. ಹುಟ್ಟುಹಬ್ಬದ ಫೋಟೋ ಹಾಕುವ ಗುಂಪಿನಲ್ಲಿ ಇಂಥ ಸುದ್ದಿ ಯಾಕೆ ಎಂದು ಕಾಕಾ. ನಾವು ಹೇಳದಿದ್ದರೆ ಯಾರು ಹೇಳಬೇಕು ಎಂದು ಮಗಳು. ವರದಿಯ ಫೋಟೋ ಹಾಕಿದಳು. ಒಬ್ಬರು ಗುಂಪು ಬಿಟ್ಟರು. ಠಾಣೆಯಲ್ಲಿರುವ ಕರಾವಳಿಯ ಒಬ್ಬ ಹೋಟೆಲ್ ಮಾಲೀಕರು ಆ ಸಂಜೆಯೇ ಫೋನ್ ಮಾಡಿದರು. ಅವರ ಹತ್ತಿರ ಗುಂಡ್ಯಾನ ತಂಗಿ ಇತ್ತು, ಜೊತೆಗೆ ಅದರ ಎರಡು ವರ್ಷದ ಮಗಳು. ಮುಂದಿನ ಹೀಟ್‌ನಲ್ಲಿ (ಬೆದೆಯಲ್ಲಿ) ಆ ಮಗಳನ್ನು ಕ್ರಾಸ್ ಮಾಡಿಸಲು ಅದೇ ಬ್ರೀಡರ್‌ನ ಗಂಡನ್ನು ಗೊತ್ತು ಮಾಡಿದ್ದರು.

ಎರಡಕ್ಕೂ ಪರೀಕ್ಷೆ ಮಾಡಿಸಿದರು. ಎರಡೂ ಕ್ಯಾರಿಯರ್. "ಹಾಗಾದ್ರೆ ಮರಿ ಹಾಕಿಸ್ಲೇಬಾರ್ದಾ ಡಾಕ್ಟ್ರೇ?" ಎಂದು ಕೇಳಿದರು. ಹಾಕಿಸಬಹುದು, ಗಂಡು ಕ್ಲಿಯರ್ ಎಂದು ವರದಿ ತೋರಿಸಿದರೆ ಮಾತ್ರ ಎಂದೆ. ಬ್ರೀಡರ್ ಪರೀಕ್ಷೆಗೆ ಒಪ್ಪಲಿಲ್ಲ. ಇವರು ಕೊಟ್ಟ ಅಡ್ವಾನ್ಸ್ ಬಿಟ್ಟು ಹೊರಬಂದರು, ಈಗ ಪರೀಕ್ಷೆ ಮಾಡಿಸಿದ ಗಂಡು ಬೀಗಲ್ ಹುಡುಕುತ್ತಿದ್ದಾರೆ.

ಗುಂಡ್ಯಾಗೆ ಈಗ ಒಂಬತ್ತು ದಾಟಿದೆ. ಸಂಜೆ ಹೊತ್ತು ಜರ್ಕ್ ಸ್ವಲ್ಪ ಜಾಸ್ತಿ. ಮಂದ ಬೆಳಕಿನಲ್ಲಿ ಬಾಗಿಲಿಗೆ ಡಿಕ್ಕಿ ಹೊಡೆಯುವುದು ಶುರುವಾಗಿದೆ, ದೃಷ್ಟಿ ಇಳಿಯುತ್ತಿದೆ ಅನ್ನಿಸುತ್ತದೆ. ಆರು ತಿಂಗಳಿಗೊಮ್ಮೆ ಲಿವರ್ ಮತ್ತು ಫೀನೋಬಾರ್ಬಿಟೋನ್ ಮಟ್ಟದ ರಕ್ತಪರೀಕ್ಷೆ ನಡೆಯುತ್ತಿದೆ. ಎಲ್ಲಿಗೆ ಬಂದಾಗ ಮಲಗಿಸಿಬಿಡಬೇಕು ಎಂಬುದನ್ನು ಕಾಕಾನ ರಿಜಿಸ್ಟರಿನ ಹಿಂದಿನ ಪುಟದಲ್ಲಿ ನಾಲ್ವರೂ ಕೂತು ಬರೆದಿಟ್ಟಿದ್ದೇವೆ: ತಾನಾಗಿ ಊಟ ಬಿಟ್ಟರೆ, ಮನೆಯವರ ಗುರುತು ಸಿಗದಿದ್ದರೆ, ಸ್ಪ್ರೇ ಹಾಕಿದರೂ ಫಿಟ್ಸ್ ಮೇಲಿಂದ ಮೇಲೆ ಬರತೊಡಗಿದರೆ. ಈವರೆಗೆ ಮೂರರಲ್ಲಿ ಒಂದೂ ಆಗಿಲ್ಲ.